ಕೆಟಲ್ ಬೆಟ್ಟದ ಕಂದು ಗೆರೆ

ಪೋರ್ಟ್‌ಲೆಂಡ್, ಮೇನ್
11 ಜನವರಿ 1932

ಮಾನ್ಯ ಮಿಸ್ ಟಟಲ್ ಅವರಿಗೆ,

ಕೆಟಲ್ ಬೆಟ್ಟದ ಚಿತ್ರಕ್ಕೆ ನನಗೆ ಒಟ್ಟು ಎಷ್ಟು ತಗುಲಿತೆಂದು ಒಂದು ಸೆಂಟೂ ಬಿಡದೆ ಬರೆದು ಕಳಿಸಲು ಹೇಳಿದ್ದಿರಿ. ಬರೆದಿದ್ದೇನೆ.

ನಿಮಗೆ ಕೊಟ್ಟದ್ದು ನೂರ ನಲವತ್ತು ಡಾಲರ್. ಪೆಟ್ಟಿಗೆ ಮತ್ತು ರೈಲು ಬಾಡಿಗೆ ಆರು ಡಾಲರ್ ಇಪ್ಪತ್ತು ಸೆಂಟ್. ಹಳೆಯ ಮೆರುಗೆಣ್ಣೆ ತೆಗೆಸಿ ತೊಳೆಸಿದ್ದಕ್ಕೆ ಹನ್ನೆರಡು. ಚೌಕಟ್ಟಿಗೆ ಹೊಸ ಚಿನ್ನದ ರೇಕು, ಹದಿನೆಂಟು. ಬೆಟ್ಟದ ಎಡಮಗ್ಗುಲಿನ ಕಂದು ಗೆರೆ ಮುಚ್ಚಿಸಿ ತೋಟದ ಗೇಟು ನೆಟ್ಟಗೆ ಮಾಡಿಸಿದ್ದಕ್ಕೆ ಮೂರು ಡಾಲರ್ ಎಪ್ಪತ್ತೈದು ಸೆಂಟ್. ತಂತಿಗೆ ನಲವತ್ತೆಂಟು ಸೆಂಟ್. ಮಾರಿದ ಚಿತ್ರವನ್ನೇ ಮತ್ತೆ ಕೊಳ್ಳಲು ಆರುನೂರ ಐವತ್ತು. ಮುಚ್ಚಿದ ಗೆರೆ ತೆರೆಸಲು ಇಪ್ಪತ್ತೆರಡೂವರೆ. ನಿಮ್ಮೂರಿಗೆ ಕಳಿಸಲು ಏಳು ಡಾಲರ್ ಮೂವತ್ತು ಸೆಂಟ್. ಒಟ್ಟು ಎಂಟುನೂರ ಅರವತ್ತು ಡಾಲರ್ ಇಪ್ಪತ್ಮೂರು ಸೆಂಟ್. ಮೊದಲ ಸಲ ಮಾರಿದಾಗ ಬಂದ ಆರುನೂರನ್ನು ಕಳೆದರೆ ನನ್ನ ನಷ್ಟ ಇನ್ನೂರ ಅರವತ್ತು ಡಾಲರ್ ಇಪ್ಪತ್ಮೂರು ಸೆಂಟ್.

ಗೆರೆ ಮುಚ್ಚಿದವನೂ ತೆರೆದವನೂ ಒಬ್ಬನೇ. ಎರಡನೆಯ ಸಲ ಆರು ಪಟ್ಟು ಕೇಳಿದ. ನಾನು ಚೌಕಾಸಿ ಮಾಡಲಿಲ್ಲ. ನನ್ನ ಮೂವತ್ತೊಂದು ವರ್ಷದ ವ್ಯಾಪಾರದಲ್ಲಿ ಅದು ಮೊದಲ ಸಲ.

ನಿಮ್ಮ ಪತ್ರಗಳನ್ನೂ ನನ್ನ ಪತ್ರಗಳ ನಕಲನ್ನೂ ತಾರೀಕಿನ ಪ್ರಕಾರ ಜೋಡಿಸಿ ಇದರೊಂದಿಗೆ ಕಟ್ಟಿದ್ದೇನೆ. ಊರ ಸಭೆಯಲ್ಲಿ ಗಟ್ಟಿಯಾಗಿ ಓದಿಸುವುದಾಗಿ ಹೇಳಿದ್ದೀರಿ. ಓದಿಸಿ. ಒಂದು ಸಾಲನ್ನೂ ತಿದ್ದಿಲ್ಲ. ತಿದ್ದಿಸುವುದರಲ್ಲಿ ನಾನು ಎಷ್ಟು ನಿಪುಣ ಎಂಬುದು ನಿಮಗೆ ಗೊತ್ತು, ಆದರೂ ಇದೊಂದನ್ನು ನಂಬಿ.

ಓರಿನ್ ಗೇಜ್


ಟ್ಯಾನರ್ಸ್ ಹಾಲೋ, ನ್ಯೂ ಹ್ಯಾಂಪ್‌ಶೈರ್
6 ಏಪ್ರಿಲ್ 1931

ಮಿಸ್ಟರ್ ಗೇಜ್ ಅವರೇ,

ನೀವು ಹಳೆಯ ಚಿತ್ರ ಕೊಳ್ಳುತ್ತೀರೆಂದೂ, ಅರ್ಧ ಬೆಲೆಯನ್ನು ಮಾತಿನಲ್ಲೇ ಕೊಟ್ಟು ಮುಗಿಸುತ್ತೀರೆಂದೂ ನಮ್ಮ ಪಾದ್ರಿಯ ಹೆಂಡತಿ ಹೇಳಿದರು. ಉಳಿದರ್ಧ ಡಾಲರಿನಲ್ಲಿ ಕೊಡುವುದಾದರೆ ಮುಂದೆ ಓದಿ.

ನನ್ನಲ್ಲಿ ಒಂದು ಎಣ್ಣೆಬಣ್ಣದ ಚಿತ್ರವಿದೆ. ಮೂರೂವರೆ ಅಡಿ ಅಗಲ. 1854ರ ಬೇಸಿಗೆಯಲ್ಲಿ ವಿಂಗೇಟ್ ಎಂಬ ಚಿತ್ರಕಾರ ನನ್ನ ಅಜ್ಜಿಯ ಮನೆಯಲ್ಲಿ ಹದಿನಾರು ವಾರ ಉಂಡು, ಕೊಡಲು ದುಡ್ಡಿಲ್ಲದೆ ಇದನ್ನು ಬಿಟ್ಟುಹೋದ. ನಮ್ಮ ಕಣಿವೆ, ಹೊಳೆ, ನಾಲ್ಕು ಹಸು, ಹಿಂದೆ ಕೆಟಲ್ ಬೆಟ್ಟ. ಮುಂದುಗಡೆ ನಮ್ಮ ತೋಟದ ಗೇಟು ಒಂದೇ ಕೀಲಿನಲ್ಲಿ ನೇತಾಡುತ್ತಿದೆ. "ಅಷ್ಟ್ ಚೆಂದದ ಬೆಟ್ಟ ಬರ್ದು ನನ್ನ ಮುರುಕು ಗೇಟನ್ನ ಊರಿಗೆಲ್ಲ ತೋರಿಸ್ಬೇಕಿತ್ತೇನಯ್ಯಾ?" ಎಂದು ಅಜ್ಜಿ ಬೈದಳಂತೆ. "ನೀವು ಗೇಟು ರಿಪೇರಿ ಮಾಡ್ಸಿ ತಾಯಿ, ನಾನು ಚಿತ್ರಾನೂ ರಿಪೇರಿ ಮಾಡ್ತೀನಿ" ಎಂದನಂತೆ ಆತ. ಅಜ್ಜಿ ಮಾಡಿಸಲಿಲ್ಲ, ಆತನೂ ಮಾಡಲಿಲ್ಲ.

ಒಂದು ದೋಷವಿದೆ, ಮುಚ್ಚಿಡುವುದಿಲ್ಲ. ಬೆಟ್ಟದ ಎಡಕ್ಕೆ ತುದಿಯಿಂದ ಬುಡದವರೆಗೆ ಉದ್ದಕ್ಕೆ ಒಂದು ಕಂದು ಕಲೆ. ಪ್ರತಿ ವಸಂತದಲ್ಲಿ ಮನೆ ತೊಳೆಯುವಾಗ ಹೆಚ್ಚಿದ ಆಲೂಗಡ್ಡೆಯಿಂದ ಅದನ್ನು ತಿಕ್ಕುತ್ತೇನೆ. ನಲವತ್ತು ವರ್ಷ ತಿಕ್ಕಿದ್ದೇನೆ, ನನಗಿಂತ ಮೊದಲು ನಮ್ಮಮ್ಮ ತಿಕ್ಕಿದ್ದಳು. ಹೋಗಿಲ್ಲ.

ಮಾರುವ ಕಾರಣ ಇಷ್ಟೆ. ನನ್ನ ಅಣ್ಣನ ಮಗ ಏಸಾ, ಅವನ ಹೆಂಡತಿ ಡೋರ್ಕಸ್, ಆರು ವರ್ಷದ ಮಗಳು ರೂತ್ ನನ್ನ ಜೊತೆಗೇ ಇದ್ದಾರೆ. ಬೆಟ್ಟದ ಮರ ಕಡಿಯುವ ಕಂಪನಿ ತನ್ನ ಕೆಲಸಗಾರರಿಗಾಗಿ ಬೆಟ್ಟದ ಬುಡದಲ್ಲಿ ಆರು ಮನೆ ಕಟ್ಟಿಸುತ್ತಿದೆ. ಒಂದು ಏಸಾನಿಗೆ. ಒಂಬತ್ತು ವರ್ಷ ನನ್ನ ಅಡುಗೆಮನೆಯಲ್ಲಿ ನನ್ನ ಗೊಣಗಾಟ ಕೇಳಿದ ಡೋರ್ಕಸ್‌ಗೆ ಅವಳದೇ ಅಡುಗೆಮನೆಯಲ್ಲಿ ಒಳ್ಳೆಯ ಎರಕದ ಕಬ್ಬಿಣದ ಒಲೆಯೊಂದನ್ನು ಇಡಿಸಬೇಕೆಂದು ನನಗೆ ಆಸೆ.

ಲವೀನಿಯಾ ಟಟಲ್


ಪೋರ್ಟ್‌ಲೆಂಡ್
14 ಏಪ್ರಿಲ್ 1931

ಮಾನ್ಯ ಮಿಸ್ ಟಟಲ್,

ಪಾದ್ರಿಯವರ ಹೆಂಡತಿ ಹೇಳಿದ್ದು ನಿಜ. ಅವರಿಂದ ಒಂದು ಗಡಿಯಾರ ಕೊಂಡಿದ್ದೆ.

ನಾನು ತಗಡಿನ ಪಾತ್ರೆ ಗಾಡಿಯಲ್ಲಿ ಹೇರಿಕೊಂಡು ಹಳ್ಳಿ ಹಳ್ಳಿ ತಿರುಗಿದವನು. ಪಾತ್ರೆ ತೋರಿಸಲು ಒಳಗೆ ಹೋದಾಗ ಗೋಡೆ ನೋಡುವುದನ್ನು ಕಲಿತೆ. ಅಲ್ಲಿಂದ ಇಲ್ಲಿಯವರೆಗೆ ನನಗೆ ತಿಳಿದದ್ದು ಇಷ್ಟು: ಬೆಟ್ಟ, ನೀರು, ಹಸು ಮೂರೂ ಇದ್ದರೆ ಚಿತ್ರ ಶ್ರೀಮಂತರ ಊಟದ ಕೋಣೆಗೆ ಹೋಗುತ್ತದೆ. ನಾಲ್ಕು ಹಸು ಇರುವುದು ಒಳ್ಳೆಯದು. ಕಲೆ ಒಳ್ಳೆಯದಲ್ಲ. ಸೂಪು ಕುಡಿಯುತ್ತಾ ಕಲೆ ನೋಡಲು ಯಾರೂ ದುಡ್ಡು ಕೊಡುವುದಿಲ್ಲ.

ನೂರ ಅರವತ್ತು ಕೊಡಬಹುದು. ಕಲೆಗೆ ಇಪ್ಪತ್ತು ಕಡಿತ. ಮುರುಕು ಗೇಟಿಗೆ ಏನೂ ಕಡಿದಿಲ್ಲ, ಅದು ನನ್ನ ಉದಾರತೆ.

ಓ. ಗೇಜ್


ಟ್ಯಾನರ್ಸ್ ಹಾಲೋ
27 ಏಪ್ರಿಲ್ 1931

ಮಿಸ್ಟರ್ ಗೇಜ್ ಅವರೇ,

ಕಲೆಗೆ ಇಪ್ಪತ್ತು ಡಾಲರ್! ಅಷ್ಟು ದುಡ್ಡಿಗೆ ಇಡೀ ಊರು ಚಳಿಗಾಲ ಪೂರ್ತಿ ತಿನ್ನುವಷ್ಟು ಆಲೂಗಡ್ಡೆ ಬರುತ್ತದೆ. ಆಗಲಿ, ಒಪ್ಪಿದೆ. ಏಸಾ ಪೆಟ್ಟಿಗೆ ಮಾಡಿ ರೈಲಿಗೆ ಹಾಕಿದ್ದಾನೆ.

ಗೋಡೆಯ ಮೇಲೆ ಚಿತ್ರವಿದ್ದ ಜಾಗ ಬೆಳ್ಳಗೆ ಉಳಿದಿದೆ. ರೂತ್ ಬಂದು, "ಅಜ್ಜಿ, ಬೆಟ್ಟ ಎಲ್ಲಿ ಹೋಯ್ತು?" ಎಂದಳು. ಕಿಟಕಿ ತೋರಿಸಿ, "ಅಲ್ಲೇ ಇದೆಯಲ್ಲೇ" ಎಂದೆ. "ಅದಲ್ಲ, ಅದು ಬೋಳು" ಎಂದಳು. ಹೌದು, ಕಂಪನಿಯವರು ಎಡಮಗ್ಗುಲನ್ನು ತುದಿಯವರೆಗೂ ಬೋಳಿಸಿದ್ದಾರೆ. ಮೊದಲ ಸಲ ಬೆಟ್ಟದ ಮೈ ಕಾಣುತ್ತಿದೆ.

ಲ. ಟಟಲ್


ಪೋರ್ಟ್‌ಲೆಂಡ್
2 ಜೂನ್ 1931

ಮಾನ್ಯ ಮಿಸ್ ಟಟಲ್,

ಚಿತ್ರ ಒಳ್ಳೆಯ ಮನೆ ಸೇರಿತು. ಬೋಸ್ಟನ್ ಕಡೆಯ ಉಣ್ಣೆ ವ್ಯಾಪಾರಿಯೊಬ್ಬರ ಪತ್ನಿ ತಮ್ಮ ಊಟದ ಕೋಣೆಗೆ ತೆಗೆದುಕೊಂಡರು. ನಾನು ಮಾರಿದ ಬೆಲೆ ಕೇಳಬೇಡಿ, ನಿಮ್ಮ ಒಲೆಯ ಬೆಲೆ ನಾನೂ ಕೇಳುವುದಿಲ್ಲ.

ಓ. ಗೇಜ್


ಟ್ಯಾನರ್ಸ್ ಹಾಲೋ
9 ಜುಲೈ 1931

ಮಿಸ್ಟರ್ ಗೇಜ್ ಅವರೇ,

ಒಂದು ವಿಚಿತ್ರ ಪ್ರಶ್ನೆ. ಆ ಕಂದು ಕಲೆ ಕೊಳೆಯೋ, ಬಣ್ಣವೋ? ಚಿತ್ರವನ್ನು ಇನ್ನೊಮ್ಮೆ ನೋಡಲು ಆಗುತ್ತದೆಯೇ? ಒಂದು ಫೋಟೋ ಆದರೂ ಸಾಕು.

ಊರಿನಲ್ಲಿ ಸಣ್ಣ ವಾದವೊಂದು ಎದ್ದಿದೆ. ಹೊಸ ಮನೆಗಳಿಗೆ ನೆಲಮಾಳಿಗೆ ಅಗೆಯುವಾಗ ಮೂರಡಿ ಕೆಳಗೆ ಮರದ ದಿಮ್ಮಿಗಳು ಸಿಕ್ಕವು. ತೊಗಟೆ ಇನ್ನೂ ಅಂಟಿಕೊಂಡಿದೆ. ಎಲ್ಲದರ ಬುಡ ಬೆಟ್ಟದ ಕಡೆಗೆ, ತುದಿ ಹೊಳೆಯ ಕಡೆಗೆ, ಬಾಚಿ ಮಲಗಿಸಿದ ಹಾಗೆ. ಬಾವಿ ತೋಡುವ ಮುದುಕ ಜೋಬ್ ಗುಂಡಿಯ ಅಂಚಿನಲ್ಲಿ ಕೂತು ತಂಬಾಕಿನ ಪೈಪು ಆರಿಸಿ, "ಲವೀನಿಯಾ, ಇದು ನೆಲ ಅಲ್ಲಮ್ಮ. ಮೇಲಿಂದ ಬಂದು ಕೂತ್ಕೊಂಡಿರೋದು" ಎಂದ. ಕಂಪನಿಯ ಮೇಸ್ತ್ರಿ ಲಡ್ಲೋ, "ಹೊಳೆ ತಂದು ಹಾಕಿದ್ದು ತಾತ. ನೀನು ನೆಲ ಅಗಿ, ಕತೆ ಅಗೀಬೇಡ" ಎಂದು ನಕ್ಕ.

ನಮ್ಮವರು ಈ ಕಣಿವೆಗೆ ಬಂದದ್ದು 1852ರಲ್ಲಿ. ಅದಕ್ಕಿಂತ ಹಿಂದಿನದನ್ನು ಹೇಳುವವರು ಯಾರೂ ಇಲ್ಲ. ಚಿತ್ರದಲ್ಲಿ ಕಲೆ ಇಳಿದು ನಿಂತದ್ದು ಸರಿಯಾಗಿ ಈ ಗುಂಡಿಗಳ ಜಾಗದಲ್ಲಿ ಎಂದು ನನ್ನ ನೆನಪು.

ಲ. ಟಟಲ್


ಪೋರ್ಟ್‌ಲೆಂಡ್
30 ಜುಲೈ 1931

ಮಾನ್ಯ ಮಿಸ್ ಟಟಲ್,

ಊರೂರು ತಿರುಗಾಟದಿಂದ ಉತ್ತರ ತಡವಾಯಿತು.

ಶುಚಿ ಮಾಡುವಾಗ ಆ ಕಲೆ ಹೋಯಿತು. ಕೊಳೆ. ಹಳೆಯ ಒಲೆಯ ಹೊಗೆ ಇರಬೇಕು. ಫೋಟೋ ತೆಗೆಸಿಲ್ಲ.

ಮಾರಿದ ಮೇಲೆ ಚಿತ್ರದ ಮೇಲೆ ಪ್ರೀತಿ ಉಕ್ಕುವುದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಸಾಮಾನ್ಯವಾಗಿ ಇನ್ನೊಬ್ಬ ವ್ಯಾಪಾರಿ ಆ ದಾರಿಯಲ್ಲಿ ಹಾದುಹೋದ ವಾರವೇ ಅದು ಉಕ್ಕುತ್ತದೆ.

ಓ. ಗೇಜ್


ಟ್ಯಾನರ್ಸ್ ಹಾಲೋ
8 ಆಗಸ್ಟ್ 1931

ಮಿಸ್ಟರ್ ಗೇಜ್ ಅವರೇ,

ನಿಮ್ಮ ಕೊನೆಯ ಸಾಲು ಓದಿ ನಕ್ಕೆ. ಇತ್ತ ಯಾವ ವ್ಯಾಪಾರಿಯೂ ಬಂದಿಲ್ಲ. ನನಗೆ ಇನ್ನೊಂದು ಸೆಂಟೂ ಬೇಡ. ಹುಚ್ಚುಮುದುಕಿ ಅನ್ನಿಸಿಕೊಳ್ಳಲು ನಾಚಿಕೊಂಡು ಹೋದ ಸಲ ಅರ್ಧ ಬರೆದೆ. ಈಗ ಪೂರ್ತಿ ಬರೆಯುತ್ತೇನೆ.

ಕೆಟಲ್ ಬೆಟ್ಟ ಹಿಂದೊಮ್ಮೆ ಕುಸಿದಿತ್ತು ಎಂದು ನನ್ನ ಅನುಮಾನ. ವಿಂಗೇಟ್ ಬಂದಾಗ ಆ ಗಾಯ ಇನ್ನೂ ಹಸಿಯಾಗಿತ್ತು, ಆಮೇಲೆ ಮರ ಬೆಳೆದು ಮುಚ್ಚಿತು. ಮುರುಕು ಗೇಟನ್ನು ಬಿಡದೆ ಬರೆದವನು ಬೆಟ್ಟದ ಗಾಯ ಬಿಡುತ್ತಾನೆಯೇ? ನಾವು ಅದನ್ನು ಕೊಳೆ ಎಂದುಕೊಂಡು ಎರಡು ತಲೆಮಾರು ತಿಕ್ಕಿದೆವು. ಈಗ ಮರಗಳಿಲ್ಲ. ಬುಡದಲ್ಲಿ ಆರು ಮನೆ, ಹತ್ತೊಂಬತ್ತು ಜನ ಬರುವವರಿದ್ದಾರೆ. ಡೋರ್ಕಸ್, "ಅತ್ತೆ ಹೂಂ ಅಂದ್ರೆ ಹೋಗ್ತೀನಿ, ಇಲ್ಲಾಂದ್ರೆ ಒಲೆ ಇಲ್ಲೇ ಇಟ್ಕೊಂಡು ಬೈಸ್ಕೋತಾ ಇರ್ತೀನಿ" ಎನ್ನುತ್ತಾಳೆ.

ಲಡ್ಲೋ ಒರಟ, ಆದರೆ ಕೆಟ್ಟವನಲ್ಲ. ಗರಗಸ ಕೊಳ್ಳಲು ಬೋಸ್ಟನ್‌ಗೆ ಹೊರಟಿದ್ದಾನೆ. "ಚಿತ್ರಾನ ನಾನೇ ಕಣ್ಣಾರೆ ನೋಡ್ಕೊಂಡ್ ಬರ್ತೀನಿ ಮಿಸ್ ಟಟಲ್. ಗೆರೆ ಇದ್ರೆ ಕಂಪನಿಗೆ ನಾನೇ ಬರೀತೀನಿ, ಮನೆ ಹೊಳೆ ಆಚೆಗೆ ಕಟ್ಟೋಣ. ಇಲ್ದಿದ್ರೆ ಈ ಮಾತು ಇಲ್ಲಿಗೆ ಮುಗೀಬೇಕು" ಎಂದಿದ್ದಾನೆ. ಆ ಮನೆಯ ವಿಳಾಸ ಕೊಡಿ.

ಲವೀನಿಯಾ ಟಟಲ್


ಪೋರ್ಟ್‌ಲೆಂಡ್
15 ಆಗಸ್ಟ್ 1931

ಮಾನ್ಯ ಮಿಸ್ ಟಟಲ್,

ಮಿಸೆಸ್ ಆಲ್ಡನ್ ಫ್ರಾಸ್ಟ್, ಬ್ರೂಕ್‌ಲೈನ್. ಮೇಸ್ತ್ರಿ ಬರುವುದಾಗಿ ಅವರಿಗೂ ಬರೆದಿದ್ದೇನೆ. ಕಣ್ಣಾರೆ ನೋಡಲಿ, ಎಲ್ಲರಿಗೂ ಸಮಾಧಾನವಾಗುತ್ತದೆ.

ಓ. ಗೇಜ್


ಟ್ಯಾನರ್ಸ್ ಹಾಲೋ
22 ಸೆಪ್ಟೆಂಬರ್ 1931

ಮಿಸ್ಟರ್ ಗೇಜ್ ಅವರೇ,

ಲಡ್ಲೋ ನೋಡಿ ಬಂದ. ಊರ ಸಭೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, "ಎಡಕ್ಕೂ ಹಸಿರು, ಬಲಕ್ಕೂ ಹಸಿರು. ಕೋಸಿನ ಹೊಲ ಇದ್ದಂಗಿದೆ. ಒಂದ್ ಗೀಟೂ ಇಲ್ಲ" ಎಂದ. ಜನ ನಕ್ಕರು. ಜೋಬ್ ಪೈಪು ಜೇಬಿಗೆ ಹಾಕಿಕೊಂಡು ಎದ್ದುಹೋದ.

ನಾನು ಬಿಡಲಿಲ್ಲ. ಮುಂದುಗಡೆ ಗೇಟು ಹೇಗಿತ್ತು ಎಂದು ಕೇಳಿದೆ. "ಗೇಟಾ? ನೆಟ್ಟಗಿತ್ತು. ಎರಡು ಕೀಲು, ಚೆನ್ನಾಗಿ ನಿಂತಿತ್ತು" ಎಂದ. ಮಿಸ್ಟರ್ ಗೇಜ್, ಅರವತ್ತು ವರ್ಷ ದಿನಾ ಬೆಳಿಗ್ಗೆ ನೋಡಿದ ಚಿತ್ರದಲ್ಲಿ ಗೇಟು ಒಂದೇ ಕೀಲಿನಲ್ಲಿ ನೇತಾಡುತ್ತಿತ್ತೆಂದು ನಾನು ಬೈಬಲ್ ಮುಟ್ಟಿ ಹೇಳುತ್ತಿದ್ದೆ. ಅಜ್ಜಿ ಹೇಳಿದ ಕತೆಯನ್ನು ಕೇಳಿ ಕೇಳಿ ಕಣ್ಣಿನಿಂದಲೂ ಹಾಗೆಯೇ ಕಂಡೆನೋ ಏನೋ. ಗೇಟಿನ ವಿಷಯದಲ್ಲೇ ನನ್ನ ನೆನಪು ಕೈಕೊಟ್ಟ ಮೇಲೆ ಗೆರೆಯ ವಿಷಯದಲ್ಲಿ ಅದನ್ನು ನಂಬಿ ಹತ್ತೊಂಬತ್ತು ಜನರನ್ನು ತಡೆಯುವುದು ಹೇಗೆ?

ಡೋರ್ಕಸ್‌ಗೆ ಹೂಂ ಅಂದೆ. ಶನಿವಾರ ಹೋದರು. ಒಲೆ ಹೊಳೆಯುತ್ತಿದೆ. ನಿಮಗೆ ಕೊಟ್ಟ ತೊಂದರೆಗೆ ಕ್ಷಮೆ ಇರಲಿ. ಬೇರೆ ಯಾರಾದರೂ ಆಗಿದ್ದರೆ ವಿಳಾಸ ಕೊಡುತ್ತಿರಲಿಲ್ಲ.

ಲವೀನಿಯಾ ಟಟಲ್


ಪೋರ್ಟ್‌ಲೆಂಡ್
2 ನವೆಂಬರ್ 1931

ಮಾನ್ಯ ಮಿಸ್ ಟಟಲ್,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇಂದಿನ ಪತ್ರಿಕೆಯಲ್ಲಿ ನಿಮ್ಮ ಕಡೆ ಐದು ದಿನದಿಂದ ಮಳೆ ಬಿಟ್ಟಿಲ್ಲ, ಸೇತುವೆಗಳು ಹೋಗಿವೆ ಎಂದಿದೆ. ಆದ್ದರಿಂದ ಇದನ್ನು ಹರಿಯುವುದಿಲ್ಲ.

ನಿಮ್ಮ ನೆನಪು ಸರಿ. ಗೇಟು ಒಂದೇ ಕೀಲಿನಲ್ಲಿತ್ತು. ಗೆರೆ ಇತ್ತು. ಎರಡನ್ನೂ ನಾನೇ ತಿದ್ದಿಸಿದೆ. ತಿದ್ದಿದ ಮುದುಕ ಲಿಬ್ಬಿ ಮಸೂರ ಹಿಡಿದು ನೋಡಿ, "ಗೇಜ್, ಇದು ಕೊಳೆ ಅಲ್ಲಯ್ಯಾ. ಬಣ್ಣ. ಬರ್ದವ್ನೇ ಬರ್ದಿದ್ದು" ಎಂದಿದ್ದ. "ಬರ್ದವ್ನು ಸತ್ತಿದಾನೆ. ಕೊಳ್ಳೋಳು ಬದುಕಿದಾಳೆ. ಹಸಿರು ಹಚ್ಚು" ಎಂದೆ. ಒಳ್ಳೆಯ ಮಾತು ಆಡಿದೆನೆಂದು ಅವತ್ತು ಮೂರು ಜನರಿಗೆ ಹೇಳಿಕೊಂಡು ನಕ್ಕಿದ್ದೆ. ನಮ್ಮ ಕಸುಬಿನಲ್ಲಿ ಇದು ತಪ್ಪೆಂದು ಯಾರೂ ಅನ್ನುವುದಿಲ್ಲ. ಆಕಾಶಕ್ಕೆ ಮೋಡ ಸೇರಿಸುತ್ತೇವೆ, ಸತ್ತ ಮರ ತೆಗೆಯುತ್ತೇವೆ, ಮೂರು ಹಸುವನ್ನು ನಾಲ್ಕು ಮಾಡುತ್ತೇವೆ.

ಜುಲೈಯಲ್ಲಿ ನೀವು ಕೇಳಿದಾಗ, ಬೆಲೆ ಗೊತ್ತಾಗಿ ಚಿತ್ರ ವಾಪಸ್ ಕೇಳಲು ನೆಪ ಹುಡುಕುತ್ತಿದ್ದೀರಿ ಎಂದುಕೊಂಡೆ. ಆಗಸ್ಟಿನಲ್ಲಿ ನಿಜ ತಿಳಿಯಿತು. ಆದರೆ ಮಿಸೆಸ್ ಫ್ರಾಸ್ಟ್‌ಗೆ "ಇದನ್ನು ಯಾವ ಕೈಯೂ ಮುಟ್ಟಿಲ್ಲ" ಎಂದು ಬರೆದುಕೊಟ್ಟು ಮಾರಿದ್ದೆ. ಮುಟ್ಟಿದ್ದು ತಿಳಿದರೆ ಒಂದು ವರ್ಷದೊಳಗೆ ದುಡ್ಡು ವಾಪಸ್. ಆರುನೂರು ಡಾಲರ್. ಎಂಬತ್ತು ವರ್ಷ ನಿಂತ ಬೆಟ್ಟ ಇನ್ನೊಂದು ವರ್ಷ ನಿಲ್ಲುತ್ತದೆ ಎಂದು ಲೆಕ್ಕ ಹಾಕಿ ವಿಳಾಸ ಕೊಟ್ಟೆ.

ಈಗಲೇ ಅವರನ್ನು ಅಲ್ಲಿಂದ ಬಿಡಿಸಿ. ತಂತಿಯನ್ನೂ ಕಳಿಸುತ್ತಿದ್ದೇನೆ: ಗೆರೆ ನಿಜ. ಇಂದೇ ಮನೆ ಬಿಡಿ.

ಓರಿನ್ ಗೇಜ್


ಟ್ಯಾನರ್ಸ್ ಹಾಲೋ
15 ನವೆಂಬರ್ 1931

ಮಿಸ್ಟರ್ ಗೇಜ್ ಅವರೇ,

ತಂತಿ ಕಂಬಗಳು ಬಿದ್ದಿದ್ದವು. ನಿಮ್ಮ ತಂತಿಯೂ ಪತ್ರವೂ ಒಂದೇ ಚೀಲದಲ್ಲಿ ಆರನೆಯ ತಾರೀಕು ಬಂದವು.

ಬೆಟ್ಟ ಬಂದದ್ದು ನಾಲ್ಕನೆಯ ತಾರೀಕು, ಬುಧವಾರ, ಬೆಳಿಗ್ಗೆ ಹತ್ತೂಕಾಲಿಗೆ. ಮಕ್ಕಳೆಲ್ಲ ಶಾಲೆಯಲ್ಲಿದ್ದರು. ಗಂಡಸರು ಸೇತುವೆಯ ಹತ್ತಿರ ಮರಳಚೀಲ ಹಾಕುತ್ತಿದ್ದರು. ಆರರಲ್ಲಿ ನಾಲ್ಕು ಮನೆ ಹೋದವು. ಏಳು ಜನ. ಡೋರ್ಕಸ್ ಬೆಳಗಿನಿಂದ ಅವರೆ ಬೇಯಿಸಲು ಇಟ್ಟಿದ್ದಳು. ಒಲೆ ಮುನ್ನೂರು ಗಜ ಕೆಳಗೆ, ಹೊಳೆಯ ಅಂಚಿನಲ್ಲಿ ನಾಲ್ಕೂ ಕಾಲ ಮೇಲೆ ನಿಂತಿತ್ತು. ಏಸಾ ಒಲೆಯ ಬಾಗಿಲು ತೆಗೆದ. ಮಡಕೆ ಒಳಗೇ ಇತ್ತು, ಮುಚ್ಚಳ ಕೂಡ ಸರಿದಿರಲಿಲ್ಲ. ಅವಳು ಸಿಕ್ಕಿದ್ದು ಎರಡು ದಿನದ ಮೇಲೆ.

ಹೂಂ ಅಂದವಳು ನಾನು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ, ನಿಮ್ಮ ಪಾಲು ನಿಮಗೆ ಸಾಕಷ್ಟಿದೆ.

ಕಂಪನಿಯವರು "ಇದು ಯಾರಿಗೂ ಗೊತ್ತಿರಲಿಲ್ಲ" ಎಂದು ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿದ್ದಾರೆ. ಚಿತ್ರ ವಾಪಸ್ ಕೊಳ್ಳಿ. ಆ ಹಸಿರು ತೆಗೆಸಿ. ಇಲ್ಲಿಗೆ ಕಳಿಸಿ. ಪತ್ರಗಳನ್ನೂ, ಊರ ಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಎಷ್ಟು ತಗುಲಿತೆಂದು ಒಂದು ಸೆಂಟೂ ಬಿಡದೆ ಬರೆಯಿರಿ. ಪತ್ರಿಕೆಯಲ್ಲಿ ಸುದ್ದಿ ಓದಿ ಸಮಾಧಿಯ ಕಲ್ಲಿಗೆಂದು ನೀವು ಕಳಿಸಿದ ದುಡ್ಡು ಇದರಲ್ಲೇ ಇದೆ, ಬೇಡ.

ಲವೀನಿಯಾ ಟಟಲ್


ಟ್ಯಾನರ್ಸ್ ಹಾಲೋ
19 ಜನವರಿ 1932

ಮಿಸ್ಟರ್ ಗೇಜ್ ಅವರೇ,

ಪತ್ರಗಳನ್ನು ಶನಿವಾರದ ಸಭೆಯಲ್ಲಿ ಓದಿಸಿದೆ. ಓದಿದವನು ಲಡ್ಲೋ, ತಾನೇ ಕೇಳಿ ಓದಿದ. ಸೆಪ್ಟೆಂಬರಿನ ಪತ್ರದಲ್ಲಿ ತನ್ನ ಮಾತು ಬಂದಲ್ಲಿ ಕಾಗದವನ್ನು ಜೋಬ್‌ನ ಕೈಗೆ ಕೊಟ್ಟು ಕೂತ. ಉಳಿದದ್ದನ್ನು ಜೋಬ್ ಓದಿದ. ಕಂಪನಿಯ ವಕೀಲ ಟೋಪಿ ಹುಡುಕುತ್ತಾ ಹೊರಗೆ ಹೋದ.

ಚಿತ್ರವನ್ನು ಊರ ಸಭಾಮನೆಯ ಗೋಡೆಗೆ ಹಾಕಿದ್ದೇವೆ. ರೂತ್ ಬೆಂಚು ಹತ್ತಿ ಗೆರೆಯನ್ನು ಬೆರಳಿನಿಂದ ಮೇಲಿಂದ ಕೆಳಗಿನವರೆಗೂ ಮುಟ್ಟಿದಳು. "ಅಜ್ಜಿ, ಇದು ಮುಂಚೇನೇ ಇತ್ತಲ್ಲ" ಎಂದಳು. "ಇತ್ತು ಕಣೇ" ಎಂದೆ.

ನಿಮ್ಮ ಖರ್ಚಿನ ಪಟ್ಟಿ ಕೂಡಿ ನೋಡಿದೆ, ತಪ್ಪಿಲ್ಲ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು, ಒಂದೇ ಬದಿ ಬರೆದು ತಂದವರಿಗೆ ಅಂಕ ಕೊಟ್ಟವಳಲ್ಲ. ಯಾರಿಗೆ ಏನು ಸಿಕ್ಕಿತು, ಅದನ್ನೂ ಬರೆಯಿರಿ.

ಲ. ಟಟಲ್


ಪೋರ್ಟ್‌ಲೆಂಡ್
26 ಜನವರಿ 1932

ಮಾನ್ಯ ಮಿಸ್ ಟಟಲ್,

ಇನ್ನೊಂದು ಬದಿ.

ಮಿಸೆಸ್ ಫ್ರಾಸ್ಟ್‌ಗೆ ಐವತ್ತು ಡಾಲರ್ ಲಾಭ, ಮತ್ತು ಒಂದಿಡೀ ಬೇಸಿಗೆ ಊಟದ ಕೋಣೆಗೆ ಪುಕ್ಕಟೆ ಬೆಟ್ಟ. ಈಗ ಆ ಜಾಗದಲ್ಲಿ ಸಮುದ್ರದ ಚಿತ್ರ ಹಾಕಿದ್ದಾರೆ. ಲಿಬ್ಬಿಗೆ ಒಂದೇ ಗೆರೆಗೆ ಎರಡು ಕೂಲಿ. ಎರಡನೆಯದನ್ನು ಅವನು ಚರ್ಚಿನ ಡಬ್ಬಿಗೆ ಹಾಕಿದನೆಂದು ಕೇಳಿದೆ. ಕಂಪನಿಗೆ ಬೆಟ್ಟದ ಎಡಮಗ್ಗುಲಿನ ಅಷ್ಟೂ ಮರ. ಅದರ ವಕೀಲನಿಗೆ ಟೋಪಿ.

ನನಗೆ ಇಪ್ಪತ್ತು ಡಾಲರ್. ಕಲೆಯೆಂದು ನಿಮ್ಮ ಬೆಲೆಯಿಂದ ಕಡಿದದ್ದು. ಅದು ಕಲೆಯಲ್ಲವಾದ್ದರಿಂದ ಇದರೊಂದಿಗೆ ಇಟ್ಟಿದ್ದೇನೆ, ಇದನ್ನು ಮಾತ್ರ ವಾಪಸ್ ಕಳಿಸಬೇಡಿ, ಇದು ನಿಮ್ಮದೇ.

ನಿಮಗೆ, ನಿಮ್ಮ ನೆನಪು ಸರಿಯಿತ್ತು ಎಂಬುದು.

ಏಸಾನಿಗೆ ಒಂದು ಒಲೆ. ರೂತ್‌ಗೆ ನಿಮ್ಮ ಮನೆಯ ಹಳೆಯ ಹಾಸಿಗೆ.

ಡೋರ್ಕಸ್‌ಗೆ ಸ್ವಂತ ಅಡುಗೆಮನೆ, ನಲವತ್ತಾರು ದಿನ.

ಓರಿನ್ ಗೇಜ್